ರಜೆ ಅರ್ಜಿಯ ಕಾರಣದ ಕಾಲಂನಲ್ಲಿ ಬದಲಾದದ್ದೇನು?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಹಲವು ದಶಕಗಳ ಹಾಜರಿ ಪುಸ್ತಕಗಳೂ ರಜೆ ಅರ್ಜಿಗಳೂ ಉಳಿದಿವೆ. ಅವನ್ನು ಕಂಪ್ಯೂಟರಿಗೆ ಏರಿಸುವ ಹೊಣೆ ನನ್ನ ಮೇಲಿದೆ. ಹಳೆಯ ಅರ್ಜಿಗಳಲ್ಲಿ ಜ್ವರ, ಹೊಟ್ಟೆನೋವು, ಬಂಧುಗಳ ಮದುವೆ, ಮನೆಯಲ್ಲಿ ಸಾವು ಎಂಬ ಕಾರಣಗಳೇ ತುಂಬಿವೆ. ಇತ್ತೀಚಿನವುಗಳಲ್ಲಿ ಬೆನ್ನುನೋವು, ಮಾನಸಿಕ ಒತ್ತಡ, ನಿದ್ರಾಹೀನತೆ, ಮಗುವಿನ ಅಥವಾ ವಯಸ್ಸಾದ ತಂದೆತಾಯಿಯ ಆರೈಕೆ ಎಂದು ಬರೆದಿರುತ್ತದೆ. ವರ್ಷಕ್ಕೆ ಒಬ್ಬ ನೌಕರನ ಗೈರುಹಾಜರಿಯ ಸರಾಸರಿ ದಿನಗಳಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಈಗಿನವರಿಗೆ ಸಹನೆ ಕಡಿಮೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಮೊದಲ ದಿನದಿಂದಲೇ ವೈದ್ಯರ ಪ್ರಮಾಣಪತ್ರ ಕೇಳಬೇಕೆಂಬ ಸಲಹೆಯೂ ಬಂದಿದೆ. ಜನ ಬದಲಾದರೋ, ಕೆಲಸ ಬದಲಾಯಿತೋ?

ಉತ್ತರ: ಜನರೂ ಬದಲಾಗಿದ್ದಾರೆ, ಕೆಲಸವೂ ಬದಲಾಗಿದೆ. ಆದರೆ ನಿಮ್ಮ ಮುಂದಿರುವ ದಾಖಲೆಗಳಲ್ಲಿ ಇವೆರಡಕ್ಕಿಂತ ಹೆಚ್ಚು ಬದಲಾಗಿರಬಹುದಾದ ಮೂರನೆಯ ಸಂಗತಿಯೊಂದಿದೆ: ಯಾವ ಕಾರಣವನ್ನು ಅರ್ಜಿಯಲ್ಲಿ ಬರೆಯಬಹುದು ಎಂಬುದು. ಅದನ್ನು ಮೊದಲು ಗುರುತಿಸದೆ ಉಳಿದೆರಡರ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು. ಒಬ್ಬ ನೌಕರ ಒಂದು ದಿನ ಕೆಲಸಕ್ಕೆ ಬಾರದಿರಲು ಸಾಮಾನ್ಯವಾಗಿ ಹಲವು ಕಾರಣಗಳು ಒಟ್ಟಿಗೆ ಇರುತ್ತವೆ. ಅವುಗಳಲ್ಲಿ ಮೇಲಧಿಕಾರಿ ಒಪ್ಪಬಹುದಾದ, ನಿಯಮದ ಪ್ರಕಾರ ಸಂಬಳ ಸಿಗಬಹುದಾದ, ಹೇಳಿಕೊಳ್ಳಲು ಸಂಕೋಚವೆನಿಸದ ಒಂದು ಮಾತ್ರ ಅರ್ಜಿಯ ಮೇಲೆ ಬರುತ್ತದೆ. ನೌಕರರು ಸುಳ್ಳು ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ; ಬಹುತೇಕ ಅರ್ಜಿಗಳಲ್ಲಿ ಬರೆದದ್ದು ನಿಜವೇ ಆಗಿರುತ್ತದೆ. ಬೆನ್ನು ನೋಯುತ್ತಿರುವ, ಮಗುವಿಗೆ ಜ್ವರ ಬಂದಿರುವ, ಹಿಂದಿನ ದಿನ ಮೇಲ್ವಿಚಾರಕರಿಂದ ಬೈಸಿಕೊಂಡು ರಾತ್ರಿ ನಿದ್ರೆ ಮಾಡದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಆಕೆಗೆ ಮೂರು ಕಾರಣಗಳಿವೆ, ಕಾಲಂ ಒಂದೇ ಇದೆ. ಆಕೆ ಯಾವುದನ್ನು ಬರೆಯುತ್ತಾಳೆ ಎಂಬುದು ಆ ಕಾಲದ ನಿಯಮ ಮತ್ತು ಆ ಕಾಲದ ನಾಚಿಕೆ ಇವೆರಡರ ಮೇಲೆ ನಿಂತಿರುತ್ತದೆ.

ಈ ಮಾತನ್ನು ಸ್ವಲ್ಪ ಹಿಂದಿನಿಂದ ನೋಡಿದರೆ ಸ್ಪಷ್ಟವಾಗುತ್ತದೆ. ಯೂರೋಪಿನ ಹಲವೆಡೆ ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಕುಶಲಕರ್ಮಿಗಳು ಶನಿವಾರ ಕೂಲಿ ಪಡೆದು, ಸೋಮವಾರ, ಕೆಲವೊಮ್ಮೆ ಮಂಗಳವಾರವೂ, ಕೆಲಸಕ್ಕೆ ಬಾರದೆ ಇರುತ್ತಿದ್ದರು. ಆ ರೂಢಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದಕ್ಕೆ ‘ಸಂತ ಸೋಮವಾರ’ ಎಂಬ ಹೆಸರೇ ಬಿದ್ದಿತ್ತು. ಕೂಲಿ ಮಾಡಿದ ವಸ್ತುವಿನ ಲೆಕ್ಕದಲ್ಲಿ ಸಿಗುತ್ತಿದ್ದುದರಿಂದ, ಸೋಮವಾರ ಕಳೆದುಕೊಂಡದ್ದನ್ನು ಗುರುವಾರ, ಶುಕ್ರವಾರ ರಾತ್ರಿ ಕುಳಿತು ತುಂಬಿಕೊಳ್ಳುತ್ತಿದ್ದರು. ಯಾರೂ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೋಸೈಯ ವೆಡ್ಜ್‌ವುಡ್ ಹದಿನೆಂಟನೆಯ ಶತಮಾನದಲ್ಲಿ ತನ್ನ ಕಾರ್ಖಾನೆಗೆ ಗಂಟೆ ಹೊಡೆಸಿ, ಬಂದವರ ಲೆಕ್ಕ ಇಡಿಸಿದರೂ, ಸುತ್ತಲಿನ ಊರುಗಳ ಜಾತ್ರೆಯ ದಿನಗಳಲ್ಲಿ ಕೆಲಸಗಾರರು ಹೊರಟುಹೋಗುವುದನ್ನು ಪೂರ್ತಿಯಾಗಿ ನಿಲ್ಲಿಸಲಾಗಲಿಲ್ಲ. ಒಂದು ಯಂತ್ರಕ್ಕೆ ಹತ್ತು ಜನ ಒಟ್ಟಿಗೆ ಬೇಕಾದಾಗ, ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡತೊಡಗಿದಾಗ ಮಾತ್ರ ಒಬ್ಬನು ಬಾರದಿರುವುದು ಉಳಿದವರ ಸಮಸ್ಯೆಯಾಯಿತು. 1850ರ ಬ್ರಿಟಿಷ್ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳಲ್ಲಿ ಮಹಿಳೆಯರು ಮತ್ತು ಎಳೆಯ ವಯಸ್ಸಿನವರ ಶನಿವಾರದ ಕೆಲಸವನ್ನು ಮಧ್ಯಾಹ್ನ ಎರಡು ಗಂಟೆಗೆ ಮುಗಿಸಬೇಕೆಂದು ವಿಧಿಸಿತು. ಶನಿವಾರದ ಅರ್ಧ ದಿನದ ಬಿಡುವು ಇತರ ಕಸುಬುಗಳಿಗೂ ಹಬ್ಬುತ್ತ ಹೋದಂತೆ ಸೋಮವಾರದ ರೂಢಿ ನಿಧಾನವಾಗಿ ಕರಗಿತು. ಬಿಡುವಿಗೆ ಕ್ರಮಬದ್ಧವಾದ ಜಾಗ ಸಿಕ್ಕಾಗ ಗೈರುಹಾಜರಿಯ ಒಂದು ದೊಡ್ಡ ಕಾರಣ ತಾನಾಗಿಯೇ ಮರೆಯಾಯಿತು ಎಂಬುದನ್ನು ಗಮನಿಸಿ. ನಿಮ್ಮ ದಾಖಲೆಗಳಲ್ಲಿ ಬಂಧುಗಳ ಮದುವೆ ಎಂಬ ಕಾರಣ ಕಡಿಮೆಯಾಗಿದ್ದರೆ, ಮದುವೆಗಳಿಗೆ ಹೋಗುವುದು ನಿಂತಿದೆಯೆಂದು ತೀರ್ಮಾನಿಸುವ ಮೊದಲು, ಗಳಿಕೆ ರಜೆಯನ್ನು ಮುಂಚಿತವಾಗಿ ಕೇಳಿ ಪಡೆಯುವ ಸೌಲಭ್ಯ ಯಾವ ವರ್ಷ ಸುಲಭವಾಯಿತು, ವಾರದ ಎರಡನೆಯ ಬಿಡುವಿನ ದಿನ ಯಾವಾಗ ಬಂತು ಎಂಬುದನ್ನು ಹುಡುಕಿ ನೋಡಬೇಕು.

ಕಾರಣಗಳು ಬಹುಪಾಲು ರೋಗದ ಹೆಸರುಗಳಾಗಿ ಬದಲಾದದ್ದು ಅನಾರೋಗ್ಯ ವಿಮೆ ಬಂದ ಮೇಲೆ. ಬಿಸ್ಮಾರ್ಕ್‌ನ ಕಾಲದಲ್ಲಿ, 1883ರಲ್ಲಿ, ಜರ್ಮನಿ ಕಾರ್ಮಿಕರಿಗೆ ಕಡ್ಡಾಯ ಅನಾರೋಗ್ಯ ವಿಮೆಯನ್ನು ಜಾರಿಗೆ ತಂದಿತು. ಮೂರು ದಿನ ಕಳೆದ ಮೇಲೆ, ಹೆಚ್ಚೆಂದರೆ ಹದಿಮೂರು ವಾರಗಳವರೆಗೆ, ಕೂಲಿಯ ಅರ್ಧದಷ್ಟು ಹಣ ಸಿಗುತ್ತಿತ್ತು. ಬ್ರಿಟನ್ 1911ರಲ್ಲಿ ಇದೇ ಹಾದಿ ಹಿಡಿಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1952 ಮತ್ತು 1969ರ ಒಪ್ಪಂದಗಳಲ್ಲಿ ಅನಾರೋಗ್ಯದ ಕಾಲದ ವೇತನಕ್ಕೆ ಕನಿಷ್ಠ ಮಟ್ಟಗಳನ್ನು ಗೊತ್ತುಮಾಡಿತು. ಇದಕ್ಕೂ ಮೊದಲು ಕೆಲಸಕ್ಕೆ ಬಾರದವನಿಗೆ ಕೂಲಿ ಇರಲಿಲ್ಲ, ಆದ್ದರಿಂದ ಅವನ ಕಾರಣಕ್ಕೂ ಬೆಲೆ ಇರಲಿಲ್ಲ. ವಿಮೆ ಬಂದ ಮೇಲೆ ಒಂದು ಬಗೆಯ ಕಾರಣಕ್ಕೆ ಮಾತ್ರ ಹಣ ಸಿಗುವಂತಾಯಿತು, ಮತ್ತು ಅದಕ್ಕೆ ವೈದ್ಯರ ಸಾಕ್ಷ್ಯ ಬೇಕಾಯಿತು. ದುಃಖ, ದಣಿವು, ಮನೆಯ ಕಷ್ಟ, ಮೇಲ್ವಿಚಾರಕರ ಕಿರುಕುಳ ಇವುಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಅವು ಇದ್ದರೂ ತಲೆನೋವು, ಅಜೀರ್ಣ, ಸಾಮಾನ್ಯ ಜ್ವರ ಎಂಬ ಹೆಸರಿನಲ್ಲೇ ಕಾಗದಕ್ಕೆ ಇಳಿಯಬೇಕಾಗಿತ್ತು. ನಿಮ್ಮ ಹಳೆಯ ಅರ್ಜಿಗಳ ಹೊಟ್ಟೆನೋವುಗಳಲ್ಲಿ ಒಂದು ಪಾಲು ಇಂದು ಆತಂಕ ಎಂದು ಬರೆಯಲ್ಪಡುವ ಸಂಗತಿಯೇ ಆಗಿರಬಹುದು ಎಂದು ನಾನು ಭಾವಿಸುವುದು ಈ ಕಾರಣದಿಂದ. ಆತಂಕ ಬಹಳ ಜನರಲ್ಲಿ ಹೊಟ್ಟೆಯ ಮೂಲಕವೇ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಆ ಅರ್ಜಿ ಬರೆದವರು ಯಾರನ್ನೂ ವಂಚಿಸಿರಲಿಲ್ಲ.

ಇನ್ನು ದೇಹದ ರೋಗಗಳೇ ಬದಲಾದದ್ದು ಬೇರೆ ಮಾತು, ಮತ್ತು ಅದು ನಿಜವಾದ ಬದಲಾವಣೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಷಯ ಬಂದ ನೌಕರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಕೆಲಸದಿಂದ ದೂರವಿರುತ್ತಿದ್ದ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು, ನಂತರದ ವರ್ಷಗಳಲ್ಲಿ ಇತರ ಔಷಧಗಳೂ ಜೊತೆಗೂಡಿದ ಮೇಲೆ ಆ ದೀರ್ಘ ರಜೆಗಳು ಕಡಿಮೆಯಾದವು. ಪೆನಿಸಿಲಿನ್, ಲಸಿಕೆಗಳು, ಶುದ್ಧ ನೀರು ಇವು ಹಲವು ಸೋಂಕುಗಳನ್ನು ಹಿಂದಕ್ಕೆ ತಳ್ಳಿದವು. ಯಂತ್ರಗಳಿಗೆ ರಕ್ಷಣಾ ಕವಚ ಬಂದಂತೆ, ಗಣಿ ಮತ್ತು ಭಾರೀ ಕೈಗಾರಿಕೆಗಳ ಉದ್ಯೋಗ ಕುಗ್ಗಿದಂತೆ, ಕೈಕಾಲು ಮುರಿದು ಮಲಗುವವರ ಪ್ರಮಾಣವೂ ಇಳಿಯಿತು. ಆ ಜಾಗಕ್ಕೆ ಬಂದದ್ದು ಮಧುಮೇಹ, ರಕ್ತದೊತ್ತಡ, ಹೃದಯದ ತೊಂದರೆ, ಸ್ನಾಯು ಮತ್ತು ಕೀಲುಗಳ ನೋವು. ಇವು ಮನುಷ್ಯನನ್ನು ಒಮ್ಮೆಗೇ ಮಲಗಿಸುವುದಿಲ್ಲ, ಪೂರ್ತಿಯಾಗಿ ಬಿಟ್ಟುಹೋಗುವುದೂ ಇಲ್ಲ. ಹಿಂದೆ ಗೈರುಹಾಜರಿ ಎಂದರೆ ಆರಂಭವೂ ಅಂತ್ಯವೂ ಇದ್ದ ಒಂದು ಕಂತು. ಈಗ ಅದು ತಪಾಸಣೆಯ ಅರ್ಧ ದಿನ, ನೋವು ಹೆಚ್ಚಾದ ಒಂದು ದಿನ, ಔಷಧ ಬದಲಿಸಿದಾಗ ಎರಡು ದಿನ ಎಂದು ವರ್ಷವಿಡೀ ಹರಡಿಕೊಳ್ಳುತ್ತದೆ. ಒಟ್ಟು ದಿನಗಳು ಹೆಚ್ಚುಕಡಿಮೆ ಅಷ್ಟೇ ಇದ್ದರೂ ಮೇಲ್ವಿಚಾರಕರಿಗೆ ಇದು ಹೆಚ್ಚು ತೊಡಕೆನಿಸುತ್ತದೆ, ಏಕೆಂದರೆ ಆರು ವಾರ ಬಾರದವನ ಜಾಗಕ್ಕೆ ಬದಲಿ ನೌಕರನನ್ನು ನೇಮಿಸಬಹುದು, ಬೆಳಿಗ್ಗೆ ಬಾರದವನ ಜಾಗಕ್ಕೆ ನೇಮಿಸಲಾಗದು. ಈಗಿನವರಿಗೆ ಸಹನೆ ಕಡಿಮೆ ಎಂಬ ಅನಿಸಿಕೆಯ ಹಿಂದೆ ಈ ತೊಡಕು ಬಹಳ ಮಟ್ಟಿಗೆ ಇದೆ ಎಂಬುದು ನನ್ನ ಅಭಿಪ್ರಾಯ.

ಬೆನ್ನುನೋವಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕಾರಣಗಳ ಚರಿತ್ರೆಯಲ್ಲಿ ಅದು ಅತ್ಯಂತ ಬೋಧಪ್ರದವಾದ ಅಧ್ಯಾಯ. ಬ್ರಿಟನ್ನಿನಲ್ಲಿ 1980ರ ದಶಕದಿಂದ 1990ರ ದಶಕದ ಮೊದಲ ಭಾಗದವರೆಗೆ ಬೆನ್ನುನೋವಿನ ಪ್ರಮಾಣಪತ್ರ ಪಡೆದ ಗೈರುಹಾಜರಿ ಬಹಳ ವೇಗವಾಗಿ ಏರಿತು. ಅದೇ ಕಾಲದಲ್ಲಿ ಗಣಿಗಳು ಮುಚ್ಚುತ್ತಿದ್ದವು, ಭಾರ ಎತ್ತುವ ಕೆಲಸ ಯಂತ್ರಗಳ ಪಾಲಾಗುತ್ತಿತ್ತು. ಬೆನ್ನಿನ ಮೇಲಿನ ಹೊರೆ ಹೆಚ್ಚಾಗಿತ್ತೆಂದು ಹೇಳಲು ಆಧಾರವಿರಲಿಲ್ಲ. ಕುಳಿತು ಮಾಡುವ ಕೆಲಸ ಹೆಚ್ಚಿದ್ದು ಒಂದು ಅಂಶವಾಗಿರಬಹುದು, ಆದರೆ ಅಷ್ಟೊಂದು ಏರಿಕೆಯನ್ನು ಅದೊಂದೇ ವಿವರಿಸುವುದಿಲ್ಲ. ಬೆನ್ನುನೋವಿಗೆ ಪೂರ್ಣ ವಿಶ್ರಾಂತಿಯೇ ಮದ್ದು ಎಂಬ ಆ ಕಾಲದ ವೈದ್ಯಕೀಯ ಸಲಹೆ, ಉದ್ಯೋಗ ಕಳೆದುಕೊಳ್ಳುತ್ತಿದ್ದ ಹಿರಿಯ ಕೆಲಸಗಾರರಿಗೆ ಅನಾರೋಗ್ಯ ಭತ್ಯೆಯೊಂದೇ ಉಳಿದ ದಾರಿಯಾಗಿದ್ದುದು, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ನೋವನ್ನು ವೈದ್ಯರು ನಂಬಬೇಕಾದ ಸ್ಥಿತಿ ಇವೆಲ್ಲ ಸೇರಿ ಬೆನ್ನುನೋವನ್ನು ಆ ದಶಕದ ಒಪ್ಪಿತ ಕಾರಣವನ್ನಾಗಿ ಮಾಡಿದ್ದವು. ಮಲಗಿದಷ್ಟೂ ಬೆನ್ನು ಸುಧಾರಿಸುವುದು ತಡವಾಗುತ್ತದೆ, ಸಾಧ್ಯವಾದಷ್ಟು ಓಡಾಡಿಕೊಂಡಿರಬೇಕು ಎಂದು ವೈದ್ಯರ ಸಲಹೆ ಬದಲಾದ ಮೇಲೆ ಆ ಏರಿಕೆ ನಿಂತು ಇಳಿಯತೊಡಗಿತು.

ಅದು ಇಳಿಯುತ್ತಿದ್ದಾಗ ಮೇಲೇರಿದ್ದು ಮನಸ್ಸಿನ ತೊಂದರೆಗಳು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರದ ಅಂದಾಜಿನ ಪ್ರಕಾರ, ಈ ಶತಮಾನದ ಆರಂಭದಲ್ಲಿ ಕೆಲಸದಿಂದ ಉಂಟಾದ ಒತ್ತಡ, ಖಿನ್ನತೆ, ಆತಂಕಗಳಿಂದ ನಷ್ಟವಾದ ದಿನಗಳೂ ಸ್ನಾಯು-ಮೂಳೆಗಳ ತೊಂದರೆಯಿಂದ ನಷ್ಟವಾದ ದಿನಗಳೂ ಹೆಚ್ಚುಕಡಿಮೆ ಸಮವಾಗಿದ್ದವು. 2022-23ರ ಹೊತ್ತಿಗೆ ಮೊದಲನೆಯದು ಸುಮಾರು 1.71 ಕೋಟಿ ದಿನಗಳಾಗಿ, ಎರಡನೆಯದು ಸುಮಾರು 66 ಲಕ್ಷ ದಿನಗಳಾಗಿ ಬೇರ್ಪಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಅಂದಾಜಿನಂತೆ ಖಿನ್ನತೆ ಮತ್ತು ಆತಂಕಗಳಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತದೆ. ಕೆಲಸದ ಒತ್ತಡದಿಂದ ಉಂಟಾಗುವ ಬರ್ನ್‌ಔಟ್ ಎಂಬ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಹೆಚ್ಚು ಸ್ಪಷ್ಟವಾಗಿ ವಿವರಿಸಲಾಗಿದೆ. ಅಲ್ಲಿ ಅದನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಷ್ಟೇ ಹೇಳಿದ್ದಾರೆ.

ಹಾಗಾದರೆ ಮನಸ್ಸಿನ ತೊಂದರೆಗಳು ನಿಜವಾಗಿ ಹೆಚ್ಚಾಗಿವೆಯೇ, ಹೇಳಿಕೊಳ್ಳುವುದು ಹೆಚ್ಚಾಗಿದೆಯೇ? ಎರಡೂ ಆಗಿವೆ ಎಂದು ನಾನು ಅನುಭವದಿಂದ ನಂಬುತ್ತೇನೆ, ಮತ್ತು ಇವೆರಡನ್ನು ಬೇರ್ಪಡಿಸಲು ಕಾರಣದ ಕಾಲಂ ಸಹಾಯ ಮಾಡುವುದಿಲ್ಲ. ಕೆಲಸದ ಸ್ವರೂಪ ಬದಲಾಗಿರುವುದಂತೂ ಸತ್ಯ. ದೇಹದ ಶ್ರಮ ಪಾಳಿ ಮುಗಿದ ಕ್ಷಣದಲ್ಲಿ ನಿಲ್ಲುತ್ತಿತ್ತು. ಗ್ರಾಹಕರ ಕೋಪವನ್ನು ನಗುತ್ತಲೇ ಕೇಳಿಸಿಕೊಳ್ಳುವ, ರಾತ್ರಿಯೂ ಫೋನಿಗೆ ಬರುವ ಸಂದೇಶಗಳಿಗೆ ಉತ್ತರಿಸುವ, ಪ್ರತಿ ನಿಮಿಷದ ಲೆಕ್ಕವನ್ನು ಪರದೆಯ ಮೇಲೆ ನೋಡುತ್ತ ಮಾಡುವ ಕೆಲಸ ಹಾಗೆ ನಿಲ್ಲುವುದಿಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಿಂದ ನಡೆಯುತ್ತಿರುವ ವೈಟ್‌ಹಾಲ್ ಅಧ್ಯಯನದ ಎರಡನೆಯ ಹಂತ ಇದಕ್ಕೆ ಒಂದು ಮುಖ್ಯ ಸಾಕ್ಷ್ಯ ಒದಗಿಸಿದೆ. ಒಂದೇ ಊರಿನ, ಒಂದೇ ಮಾಲೀಕರ ಕೈಕೆಳಗಿನ, ಮೇಜಿನ ಮುಂದೆ ಕೂತು ಕೆಲಸ ಮಾಡುವ ಜನರಲ್ಲೂ, ಕೆಳದರ್ಜೆಯವರ ಗೈರುಹಾಜರಿ ಮೇಲ್ದರ್ಜೆಯವರಿಗಿಂತ ಹಲವು ಪಟ್ಟು ಹೆಚ್ಚಿತ್ತು. ತನ್ನ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆ ಇದ್ದವರಲ್ಲಿ ಅದು ಹೆಚ್ಚು. ಸೋಮಾರಿತನವೇ ಕಾರಣವಾಗಿದ್ದರೆ ಅದು ಸಂಬಳದ ಶ್ರೇಣಿಯ ಮೆಟ್ಟಿಲುಗಳನ್ನು ಇಷ್ಟು ಕ್ರಮವಾಗಿ ಹಿಡಿದು ಇಳಿಯುತ್ತಿರಲಿಲ್ಲ. ಅದೇ ಅಧ್ಯಯನದಲ್ಲಿ ವೈದ್ಯರ ಪ್ರಮಾಣಪತ್ರವಿದ್ದ ದೀರ್ಘ ರಜೆಗಳನ್ನು ಪದೇ ಪದೇ ತೆಗೆದುಕೊಂಡವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣವೂ ಹೆಚ್ಚಿತ್ತು. ಅಂದರೆ ಹಾಜರಿ ಪುಸ್ತಕದಲ್ಲಿ ಕಾಣುವ ದೀರ್ಘ ಖಾಲಿ ಜಾಗಗಳನ್ನು ಆರೋಗ್ಯದ ಮುನ್ಸೂಚನೆಯೆಂದು ಓದಬೇಕು.

ಹೇಳಿಕೊಳ್ಳುವುದರ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಜಪಾನಿನ ಉದಾಹರಣೆ ಸಾಕು. ಅಲ್ಲಿನ 1947ರ ಕಾರ್ಮಿಕ ಕಾಯ್ದೆ ಮುಟ್ಟಿನ ದಿನಗಳಲ್ಲಿ ಕೆಲಸ ಮಾಡಲಾಗದ ಮಹಿಳೆಯರಿಗೆ ರಜೆ ಕೇಳುವ ಹಕ್ಕನ್ನು ಕೊಟ್ಟಿದೆ. ಇಷ್ಟು ದಶಕಗಳ ನಂತರವೂ ಅದನ್ನು ಬಳಸುವವರು ಅತ್ಯಲ್ಪ, ಏಕೆಂದರೆ ಆ ಕಾರಣವನ್ನು ಪುರುಷ ಮೇಲಧಿಕಾರಿಯ ಮುಂದೆ ಹೇಳಬೇಕಾಗುತ್ತದೆ, ಮತ್ತು ಅನೇಕ ಸಂಸ್ಥೆಗಳಲ್ಲಿ ಆ ದಿನಕ್ಕೆ ಸಂಬಳವೂ ಇರುವುದಿಲ್ಲ. ನೋವು ಇಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಆ ನೋವು ಬೇರೆ ಹೆಸರಿನ ರಜೆಯಲ್ಲೋ, ಮಾತ್ರೆ ನುಂಗಿ ಕುಳಿತ ಹಾಜರಿಯಲ್ಲೋ ಅಡಗಿರುತ್ತದೆ. ಸ್ಪೇನ್ 2023ರಲ್ಲಿ ಇಂಥ ರಜೆಯನ್ನು ಕಾನೂನಾಗಿಸಿದಾಗ ವೈದ್ಯರ ಪ್ರಮಾಣಪತ್ರದೊಂದಿಗೆ ಸರ್ಕಾರದ ಹಣವನ್ನೂ ಜೋಡಿಸಿತು.

ಆರೈಕೆಯ ಕಾರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧ ಸಾಮಗ್ರಿ ಕಾರ್ಖಾನೆಗಳಿಗೆ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಸೇರಿದಾಗ ಗೈರುಹಾಜರಿ ರಾಷ್ಟ್ರೀಯ ಚರ್ಚೆಯ ವಿಷಯವಾಯಿತು. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದಿರುವುದು, ಕಾರ್ಖಾನೆಯ ಪಾಳಿ ಮುಗಿಯುವಷ್ಟರಲ್ಲಿ ಅಂಗಡಿಗಳು ಮುಚ್ಚಿರುವುದು, ಬಸ್ಸುಗಳ ಅಭಾವ ಇವೇ ಅದರ ಮೂಲ ಎಂಬುದು ಬೇಗ ಗೊತ್ತಾಯಿತು. ಯುದ್ಧಕಾಲದ ಸಾರ್ವಜನಿಕ ಸೌಲಭ್ಯಗಳಿಗೆ ಹಣ ಒದಗಿಸಿದ ಲ್ಯಾನ್‌ಹ್ಯಾಮ್ ಕಾಯ್ದೆಯ ಹಣದಿಂದ ಶಿಶುಪಾಲನಾ ಕೇಂದ್ರಗಳನ್ನು ತೆರೆದದ್ದು ಈ ಹಿನ್ನೆಲೆಯಲ್ಲಿ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಮುಚ್ಚಿದವು. ಸ್ವೀಡನ್ 1974ರಲ್ಲಿ ಮಗುವಿನ ಕಾಯಿಲೆಗಾಗಿ ತಂದೆ ಅಥವಾ ತಾಯಿ ಮನೆಯಲ್ಲಿ ಉಳಿದರೆ ಅದಕ್ಕೆಂದೇ ಪ್ರತ್ಯೇಕ ಭತ್ಯೆಯನ್ನು ಆರಂಭಿಸಿತು. ಅಮೆರಿಕ 1993ರಲ್ಲಿ ಕುಟುಂಬದವರ ಗಂಭೀರ ಕಾಯಿಲೆಗೆ ವರ್ಷಕ್ಕೆ ಹನ್ನೆರಡು ವಾರಗಳ ವೇತನರಹಿತ ರಜೆಯನ್ನು ಒಪ್ಪಿಕೊಂಡಿತು. ಯೂರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಆರೈಕೆ ಮಾಡುವವರಿಗೆ ವರ್ಷಕ್ಕೆ ಐದು ಕೆಲಸದ ದಿನಗಳ ರಜೆಯನ್ನು ಕನಿಷ್ಠ ಹಕ್ಕಾಗಿ ಇಟ್ಟಿತು. ಇಂಥ ವ್ಯವಸ್ಥೆ ಇಲ್ಲದ ಕಡೆ ಮಗುವಿಗೆ ಜ್ವರ ಬಂದರೆ ತಾಯಿ ತನಗೇ ಜ್ವರ ಎಂದು ಬರೆಯುತ್ತಾಳೆ. ವ್ಯವಸ್ಥೆ ಬಂದ ವರ್ಷ ಆರೈಕೆ ಎಂಬ ಕಾರಣ ಇದ್ದಕ್ಕಿದ್ದಂತೆ ಕಾಣಿಸಿಕೊಂಡು ಜ್ವರ ಎಂಬುದು ಸ್ವಲ್ಪ ಇಳಿದರೆ ಅದನ್ನು ಜನರ ಬದಲಾವಣೆ ಎನ್ನಲಾಗದು. ನಿಮ್ಮ ದಾಖಲೆಗಳಲ್ಲಿ ಮಹಿಳಾ ನೌಕರರ ಪ್ರಮಾಣ ಎಂದಿನಿಂದ ಏರಿತು, ರಜೆಯ ಅರ್ಜಿಯ ನಮೂನೆ ಎಂದು ಬದಲಾಯಿತು ಎಂಬ ಎರಡು ದಿನಾಂಕಗಳನ್ನು ಗುರುತಿಸಿದರೆ ಈ ಅಧ್ಯಾಯದ ಬಹುಭಾಗ ನಿಮಗೇ ತಿಳಿಯುತ್ತದೆ. ವೃದ್ಧ ತಂದೆತಾಯಿಯರ ಆರೈಕೆ ಮಾತ್ರ ನಿಜಕ್ಕೂ ಹೆಚ್ಚುತ್ತಿರುವ ಹೊರೆ: ಆಯುಷ್ಯ ಹೆಚ್ಚಾಗಿದೆ, ಹೊಣೆ ಹಂಚಿಕೊಳ್ಳುವ ಒಡಹುಟ್ಟಿದವರ ಸಂಖ್ಯೆ ಇಳಿದಿದೆ.

ನಿಯಮದ ಬದಲಾವಣೆ ಕಾರಣಗಳನ್ನಷ್ಟೇ ಅಲ್ಲ, ದಿನಗಳ ಸಂಖ್ಯೆಯನ್ನೂ ಬದಲಿಸುತ್ತದೆ ಎಂಬುದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಸ್ವೀಡನ್ 1987ರ ಡಿಸೆಂಬರಿನಲ್ಲಿ ಅನಾರೋಗ್ಯದ ಮೊದಲ ದಿನಕ್ಕೆ ವೇತನವಿಲ್ಲ ಎಂಬ ನಿಯಮವನ್ನು ತೆಗೆದುಹಾಕಿತು, ಗೈರುಹಾಜರಿ ಏರಿತು. 1988ರ ಚಳಿಗಾಲದ ಒಲಿಂಪಿಕ್ಸ್ ಸ್ಪರ್ಧೆಗಳು ಅಲ್ಲಿ ರಾತ್ರಿ ಹೊತ್ತು ಪ್ರಸಾರವಾದಾಗ ಪುರುಷರ ಅನಾರೋಗ್ಯ ರಜೆ ಮಹಿಳೆಯರದಕ್ಕಿಂತ ಹೆಚ್ಚಾಗಿ ಏರಿದ್ದನ್ನು ಸಂಶೋಧಕರು ತೋರಿಸಿದ್ದಾರೆ. 1993ರಲ್ಲಿ ಆ ನಿಯಮ ಮತ್ತೆ ಬಂತು. ಇದರರ್ಥ, ಕೆಲಸಕ್ಕೆ ಬರುವ ಸಾಮರ್ಥ್ಯ ಒಂದು, ಬರುವ ಮನಸ್ಸು ಇನ್ನೊಂದು. ರಿಚರ್ಡ್ ಸ್ಟೀರ್ಸ್ ಮತ್ತು ಸೂಸನ್ ರೋಡ್ಸ್ ಎಂಬ ಸಂಶೋಧಕರು 1978ರಲ್ಲಿ ಮಂಡಿಸಿದ ಮಾದರಿಯ ತಿರುಳೂ ಇದೇ. ತೀವ್ರ ಜ್ವರ ಇರುವವನಿಗೆ ಮನಸ್ಸಿದ್ದರೂ ಬರಲಾಗದು, ಆರೋಗ್ಯವಂತನಿಗೆ ಮನಸ್ಸಿಲ್ಲದಿದ್ದರೆ ಬರುವುದಿಲ್ಲ. ನಡುವಿನ ವಿಶಾಲ ಪ್ರದೇಶದಲ್ಲಿ, ಅಂದರೆ ನೆಗಡಿ, ಅರೆತಲೆನೋವು, ದಣಿವು ಇರುವ ದಿನಗಳಲ್ಲಿ, ಸಂಬಳದ ನಿಯಮವೂ ಕೆಲಸದ ಮೇಲಿನ ಪ್ರೀತಿಯೂ ತಂಡದವರ ನಿರೀಕ್ಷೆಯೂ ಸೇರಿ ನಿರ್ಧರಿಸುತ್ತವೆ. ಆ ನಡುವಿನ ಪ್ರದೇಶದಲ್ಲಿರುವವರನ್ನೆಲ್ಲ ಕಳ್ಳರೆಂದು ಕಾಣುವುದು ತಪ್ಪು, ಅಂಥ ಪ್ರದೇಶವೇ ಇಲ್ಲವೆನ್ನುವುದೂ ತಪ್ಪು.

ಲೆಕ್ಕ ಇಡುವ ಕ್ರಮ ಬದಲಾದರೂ ಅಂಕಿಗಳು ಜಿಗಿಯುತ್ತವೆ. ಜರ್ಮನಿಯಲ್ಲಿ ಹಿಂದೆ ನೌಕರನೇ ವೈದ್ಯರ ಪ್ರಮಾಣಪತ್ರದ ಒಂದು ಪ್ರತಿಯನ್ನು ವಿಮಾ ಸಂಸ್ಥೆಗೆ ಕಳುಹಿಸಬೇಕಾಗಿತ್ತು, ಚಿಕ್ಕ ರಜೆಗಳಲ್ಲಿ ಅನೇಕರು ಕಳುಹಿಸುತ್ತಿರಲಿಲ್ಲ. ಪ್ರಮಾಣಪತ್ರ ಎಲೆಕ್ಟ್ರಾನಿಕ್ ರೂಪದಲ್ಲಿ ತಾನಾಗಿಯೇ ರವಾನೆಯಾಗತೊಡಗಿದ ಮೇಲೆ ದಾಖಲಾದ ಅನಾರೋಗ್ಯ ಬಹಳ ಹೆಚ್ಚಾಯಿತು. ಆ ಏರಿಕೆಯ ಗಣನೀಯ ಪಾಲು ಮೊದಲಿನಿಂದಲೂ ಇದ್ದು ಲೆಕ್ಕಕ್ಕೆ ಸಿಗದಿದ್ದ ರಜೆಗಳದು. ನಿಮ್ಮಲ್ಲಿ ಕೈಬರಹದ ಪುಸ್ತಕದಿಂದ ಪಂಚಿಂಗ್ ಯಂತ್ರಕ್ಕೆ, ಅಲ್ಲಿಂದ ಬಯೋಮೆಟ್ರಿಕ್‌ಗೆ ಬದಲಾದ ವರ್ಷಗಳನ್ನು ಕಡ್ಡಾಯವಾಗಿ ಗುರುತು ಮಾಡಿ. ಮನೆಯಿಂದ ಕೆಲಸ ಆರಂಭವಾದ ವರ್ಷವನ್ನಂತೂ ಬೇರೆಯಾಗಿಯೇ ಇಡಬೇಕು. ಬ್ರಿಟನ್ನಿನ ಅನಾರೋಗ್ಯ ಗೈರುಹಾಜರಿಯ ದರ 2020ರಲ್ಲಿ, ಮಹಾಸೋಂಕಿನ ವರ್ಷದಲ್ಲೇ, ಶೇ. 1.8ಕ್ಕೆ ಇಳಿದು, 2022ರಲ್ಲಿ ಶೇ. 2.6ಕ್ಕೆ ಏರಿತು. ಮನೆಯಲ್ಲಿದ್ದವರು ನೆಗಡಿಯಲ್ಲೂ ಕಂಪ್ಯೂಟರ್ ತೆರೆದು ಕೂತರು. ಹಲವರು ಕೆಲಸವಿಲ್ಲದೆ ವೇತನ ಸಹಾಯದ ಮೇಲೆ ಇದ್ದರು. ಇತರ ಸೋಂಕುಗಳೂ ಅಷ್ಟಾಗಿ ಹರಡಲಿಲ್ಲ. ಮಹಾಸೋಂಕಿಗೆ ಮೊದಲು ಕೆಮ್ಮುತ್ತಲೇ ಕಚೇರಿಗೆ ಬಂದವರನ್ನು ನಿಷ್ಠಾವಂತರೆಂದು ಮೆಚ್ಚುತ್ತಿದ್ದೆವು, ಈಗ ಹಾಗೆ ಬರುವುದು ಸಹೋದ್ಯೋಗಿಗಳಿಗೆ ಮಾಡುವ ಅನ್ಯಾಯವೆಂದು ಕಾಣುತ್ತೇವೆ. ನೆಗಡಿಯ ರಜೆಗಳು ಹೆಚ್ಚಾಗಿದ್ದರೆ ಅದಕ್ಕೆ ನಾನು ಸಂತೋಷಪಡುತ್ತೇನೆ. ಅನಾರೋಗ್ಯದಲ್ಲೂ ಬಂದು ಅರೆಬರೆ ಕೆಲಸ ಮಾಡಿ, ಸುಧಾರಿಸಿಕೊಳ್ಳುವುದನ್ನು ಮುಂದೂಡಿ, ಕೊನೆಗೆ ದೀರ್ಘಕಾಲ ಮಲಗುವುದು ಯಾವ ಹಾಜರಿ ಪುಸ್ತಕದಲ್ಲೂ ಕಾರಣವಾಗಿ ಬರುವುದಿಲ್ಲ.

ಈಗ ಸಹನೆಯ ಪ್ರಶ್ನೆ. ಕಿರಿಯ ನೌಕರರು ಹೆಚ್ಚು ಸಲ, ಆದರೆ ಒಂದೆರಡು ದಿನಗಳ ಮಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ. ಹಿರಿಯರು ಅಪರೂಪಕ್ಕೆ, ಆದರೆ ದೀರ್ಘವಾಗಿ. ಇದು ಹಲವು ದೇಶಗಳ ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ಕ್ರಮ. ಇಂದಿನ ಹಿರಿಯರು ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಹೇಗಿದ್ದರೆಂಬುದು ನಿಮ್ಮ ಹಳೆಯ ಪುಸ್ತಕಗಳಲ್ಲೇ ಇದೆ. ಆದ್ದರಿಂದ ಅಂದಿನ ಎಲ್ಲರನ್ನೂ ಇಂದಿನ ಎಲ್ಲರೊಂದಿಗೆ ಹೋಲಿಸದೆ, ಅಂದಿನ ಇಪ್ಪತ್ತೈದರಿಂದ ಮೂವತ್ತೈದು ವಯಸ್ಸಿನವರನ್ನು ಇಂದಿನ ಅದೇ ವಯಸ್ಸಿನವರೊಂದಿಗೆ, ಅದೇ ಬಗೆಯ ಕೆಲಸದವರೊಂದಿಗೆ ಹೋಲಿಸಿ. ಕಾರಣದ ಕಾಲಂನ್ನು ಆಗ ಪಕ್ಕಕ್ಕಿಟ್ಟು ಮೂರು ಅಂಕಿಗಳನ್ನು ಮಾತ್ರ ತೆಗೆಯಿರಿ: ವರ್ಷಕ್ಕೆ ಎಷ್ಟು ಸಲ, ಪ್ರತಿ ಸಲ ಎಷ್ಟು ದಿನ, ವಾರದ ಯಾವ ದಿನ. ಈ ಮೂರನ್ನು ಬರೆಯುವವರ ಸಂಕೋಚ ಬದಲಿಸಲಾರದು. ಅನಂತರ ಕಾರಣಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದರೆ, ಹೆಸರು ಬದಲಾದ ಹಳೆಯ ಗೈರುಹಾಜರಿ ಯಾವುದು, ನಿಜಕ್ಕೂ ಹೊಸದಾಗಿ ಬಂದದ್ದು ಯಾವುದು ಎಂಬುದು ತಕ್ಕಮಟ್ಟಿಗೆ ಬೇರ್ಪಡುತ್ತದೆ. ಹೊಟ್ಟೆನೋವಿನ ಎರಡು ದಿನದ ರಜೆಗಳು ಇಳಿದಷ್ಟೇ ಪ್ರಮಾಣದಲ್ಲಿ ಒತ್ತಡದ ಎರಡು ದಿನದ ರಜೆಗಳು ಏರಿದ್ದರೆ ಅದು ಬಹುಶಃ ಹೆಸರಿನ ಬದಲಾವಣೆ. ಹಿಂದೆ ಇಲ್ಲದ ನಾಲ್ಕು ವಾರಗಳ ರಜೆಗಳು ಒಂದೇ ವಿಭಾಗದಲ್ಲಿ ಗುಂಪಾಗಿ ಕಾಣಿಸಿಕೊಂಡಿದ್ದರೆ ಆ ವಿಭಾಗದ ಕೆಲಸವನ್ನೂ ಅಲ್ಲಿನ ಮೇಲ್ವಿಚಾರಣೆಯನ್ನೂ ಪರಿಶೀಲಿಸಬೇಕು.

ಅನೇಕ ಸಂಸ್ಥೆಗಳು ಬ್ರಾಡ್‌ಫರ್ಡ್ ಸೂತ್ರವನ್ನು ಬಳಸುತ್ತವೆ, ನಿಮಗೂ ಯಾರಾದರೂ ಸೂಚಿಸಬಹುದು. ಗೈರಾದ ಸಲಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಒಟ್ಟು ದಿನಗಳಿಂದ ಗುಣಿಸುವುದು ಅದರ ವಿಧಾನ. ಒಮ್ಮೆಗೇ ಹತ್ತು ದಿನ ಮಲಗಿದವನಿಗೆ 10 ಅಂಕ ಬಂದರೆ, ಹತ್ತು ಸಲ ಒಂದೊಂದು ದಿನ ತಪ್ಪಿಸಿಕೊಂಡವನಿಗೆ 1,000 ಅಂಕ ಬರುತ್ತದೆ. ಅಡಚಣೆಯನ್ನು ಅಳೆಯಲು ಇದು ಉಪಯುಕ್ತ. ಆದರೆ ಅರೆತಲೆನೋವು, ಅಸ್ತಮಾ, ಮಧುಮೇಹ, ಮುಟ್ಟಿನ ನೋವು ಇವೆಲ್ಲ ಹತ್ತು ಸಲ ಒಂದೊಂದು ದಿನವಾಗಿಯೇ ಬರುವಂಥವು. ಇದನ್ನು ಶಿಸ್ತಿನ ಕ್ರಮಕ್ಕೆ ಆಧಾರವಾಗಿ ಬಳಸಿದರೆ ಈ ಕಾಲದ ರೋಗಗಳನ್ನೇ ಶಿಕ್ಷಿಸಿದಂತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ದಿನದಿಂದಲೇ ಪ್ರಮಾಣಪತ್ರ ಕೇಳುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಪ್ರಮಾಣಪತ್ರದ ಗಡುವು ಜನರ ನಡವಳಿಕೆಯ ಮೇಲೆ ಪರಿಣಾಮ ಬೀರುವುದಂತೂ ನಿಜ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರ ಮತ್ತು ಯಾಮ್ಟ್‌ಲಂಡ್ ಪ್ರಾಂತ್ಯಗಳಲ್ಲಿ 1988ರಲ್ಲಿ ಜನರನ್ನು ಹುಟ್ಟಿದ ತಾರೀಖಿನ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂಟನೆಯ ದಿನದ ಬದಲು ಹದಿನೈದನೆಯ ದಿನ ಪ್ರಮಾಣಪತ್ರ ಕೊಟ್ಟರೆ ಸಾಕೆಂದಾಗ, ಆ ಗುಂಪಿನವರ ರಜೆಗಳು ಉದ್ದವಾದವು. ಹಾಗೆಂದು ಗಡುವನ್ನು ಮೊದಲ ದಿನಕ್ಕೇ ಎಳೆದರೆ ಲಾಭವಾಗುತ್ತದೆಂದು ಅರ್ಥವಲ್ಲ. ಒಂದು ದಿನದ ವಿಶ್ರಾಂತಿಯಲ್ಲಿ ಗುಣವಾಗುವ ನೆಗಡಿಗೆ ವೈದ್ಯರ ಬಳಿ ಹೋದ ನೌಕರನಿಗೆ ಅವರು ಎಚ್ಚರಿಕೆಯಿಂದ ಮೂರು ದಿನ ಬರೆದುಕೊಡುವುದು ಸಾಮಾನ್ಯ; ಜೊತೆಗೆ ಕಾರಣದ ಕಾಲಂಗೆ ಮತ್ತೆ ರೋಗದ ಹೆಸರುಗಳು ಮಾತ್ರ ಮರಳಿ, ಆರೈಕೆ ಮತ್ತು ಒತ್ತಡಗಳು ಕಣ್ಣಿಗೆ ಬೀಳದಂತಾಗುತ್ತವೆ. ಬ್ರಿಟನ್ 1982ರಲ್ಲಿ ಮೊದಲ ವಾರಕ್ಕೆ ನೌಕರರ ಸ್ವಂತ ಹೇಳಿಕೆಯೇ ಸಾಕೆಂದು ಮಾಡಿದ್ದು ವೈದ್ಯರನ್ನು ಇಂಥ ಕೆಲಸದಿಂದ ಬಿಡಿಸಲು. 2010ರಲ್ಲಿ ಅಲ್ಲಿನ ಪ್ರಮಾಣಪತ್ರದ ನಮೂನೆಯನ್ನೇ ಬದಲಿಸಿ, ‘ಕೆಲವು ಹೊಂದಾಣಿಕೆಗಳಿದ್ದರೆ ಕೆಲಸ ಮಾಡಬಹುದು’ ಎಂದು ವೈದ್ಯರು ಬರೆಯಲು ಅವಕಾಶ ಮಾಡಿದರು. ನೀವು ಬದಲಿಸುವುದಾದರೆ ಈ ಎರಡರ ಹಾದಿಯನ್ನು ಅನುಸರಿಸಿ: ಮೂರು ದಿನಗಳವರೆಗೆ ಸ್ವಂತ ಹೇಳಿಕೆ ಸಾಕೆನ್ನಿ, ಅರ್ಜಿಯಲ್ಲಿ ಸ್ವಂತ ಅನಾರೋಗ್ಯ, ಮನೆಯವರ ಆರೈಕೆ, ಇತರ ಎಂಬ ಮೂರು ವಿಭಾಗಗಳನ್ನಷ್ಟೇ ಇಟ್ಟು ರೋಗದ ಹೆಸರನ್ನು ಕೇಳುವುದನ್ನು ಬಿಡಿ, ದೀರ್ಘ ರಜೆ ಮುಗಿಸಿ ಬಂದವರೊಂದಿಗೆ ಮೊದಲ ದಿನವೇ ಅವರ ಮೇಲಧಿಕಾರಿ ಕೂತು ಮಾತನಾಡಿ ಯಾವ ಹೊಂದಾಣಿಕೆ ಬೇಕೆಂದು ಕೇಳುವ ಕ್ರಮವನ್ನು ಆರಂಭಿಸಿ. ಹೊಸ ನಮೂನೆ ಜಾರಿಗೆ ಬಂದ ತಾರೀಖನ್ನು ನಿಮ್ಮ ಕಂಪ್ಯೂಟರ್ ದಾಖಲೆಯಲ್ಲಿ ತಪ್ಪದೆ ನಮೂದಿಸಿ, ಏಕೆಂದರೆ ಅಂದಿನಿಂದ ಕಾರಣಗಳು ಮತ್ತೊಮ್ಮೆ ಬದಲಾದಂತೆ ಕಾಣುತ್ತವೆ.